ಕಾರ್ ಸಾಹುಕಾರ್ರು ರಾಯಭಾರಕ್ಕೆ ಹೋದದ್ದು

ದಸರಾ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. 2025ರ ಅಕ್ಟೋಬರ್. ಕುವೆಂಪುನಗರದ ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಪಾಂಡವಪುರದಿಂದ ಅಕ್ಕನ ಫೋನು.

“ಟೀವಿ ಹಾಕೆ. ಅಮೆರಿಕಾದ ಹೊಸ ಅಂಬಾಸಿಡರ್ ಬಂದವ್ನೆ. ಫೋಟೊ ಹಿಡ್ಕಂಡು ಮೋದಿ ಪಕ್ಕ ನಿಂತವ್ನೆ ನೋಡು. ನಮ್ಮ ಕಾರ್ ಸಾಹುಕಾರ್ರು ಅವತ್ತು ತಟ್ಟೆ ಹಿಡ್ಕಂಡು ಹೊರಟಿದ್ರಲ್ಲ, ಥೇಟ್ ಅಂಗೇ!”

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಹೇಳಿದ್ದು ಸೆರ್ಜಿಯೊ ಗೋರ್ ಅವರನ್ನು. ಆಗಸ್ಟ್‌ನಲ್ಲಿ ಟ್ರಂಪ್ ಅವರ ಹೆಸರು ಘೋಷಿಸಿದ್ದರು, ಅಕ್ಟೋಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಸೆನೆಟ್ ಒಪ್ಪಿತ್ತು. ಪ್ರಮಾಣವಚನ ಆಗಿದ್ದು ನವೆಂಬರ್‌ನಲ್ಲಿ. ಅದಕ್ಕೂ ಮೊದಲೇ ದಿಲ್ಲಿಗೆ ಬಂದು, ಟ್ರಂಪ್ ಸಹಿ ಹಾಕಿದ ಫೋಟೊ ಕೊಟ್ಟು ಕೈಕುಲುಕಿ ಹೋಗಿದ್ದರು. ನನಗೆ ತಮಾಷೆ ಅನ್ನಿಸಿದ್ದು ಬೇರೆ. ಅಲ್ಲಿಯವರೆಗೆ ಅವರ ಕೆಲಸ ಶ್ವೇತಭವನದಲ್ಲಿ ಸಿಬ್ಬಂದಿ ನೇಮಕಾತಿ ಕಚೇರಿಯ ಮುಖ್ಯಸ್ಥಿಕೆ. ಅಧ್ಯಕ್ಷರು ಯಾರನ್ನು ಯಾವ ಹುದ್ದೆಗೆ ಹಾಕಬೇಕು ಅನ್ನೋ ಪಟ್ಟಿ ಓಡಾಡುತ್ತಿದ್ದದ್ದೇ ಇವರ ಮೇಜಿನ ಮೇಲೆ. ಹೆಣ್ಣು ತೋರಿಸೋ ದಲ್ಲಾಳಿಯನ್ನೇ ಹಿಡಿದು ಹಸೆಮಣೆ ಮೇಲೆ ಕೂರಿಸಿದ ಹಾಗೆ.

ಕಾರ್ ಸಾಹುಕಾರ್ರ ಕತೆ ಹೇಳದೆ ಮುಂದಕ್ಕೆ ಹೋಗೋದು ಕಷ್ಟ.

ನಮ್ಮೂರು ಮದ್ದೂರು ತಾಲ್ಲೂಕು. ನಾನು ಚಿಕ್ಕವಳಿದ್ದಾಗ ಅಂಬಾಸಿಡರ್ ಅಂದರೆ ಕಾರು, ಬೇರೆ ಅರ್ಥವೇ ಇರಲಿಲ್ಲ. ಮುಂದೆ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದೆನಲ್ಲ, ಆಗಲೂ ಪ್ರತಿವರ್ಷ ಯಾವುದಾದರೂ ಒಂದು ಹುಡುಗ ಕೇಳುತ್ತಿದ್ದ: “ಮಿಸ್, ಅಂಬಾಸಿಡರ್‌ನ ಫಾರಿನ್‌ಗೆ ಕಳ್ಸೋದ್ಯಾಕೆ, ಅಲ್ಲಿ ಕಾರಿಲ್ವಾ?” ನಮ್ಮೂರಲ್ಲಿ ಅಂಥ ಕಾರು ಇದ್ದದ್ದು ಒಂದೇ. ಎರಡು ಆಲೆಮನೆ ಇಟ್ಟಿದ್ದ ಸಾಹುಕಾರ್ರದು. ಬಿಳಿ ಬಣ್ಣ, ಆದರೆ ಆಲೆಮನೆ ಹೊಗೆ ಕುಡಿದು ಕುಡಿದು ಹಳೆ ಪಂಚೆ ಬಣ್ಣಕ್ಕೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಯಾವಾಗಲೂ ಬೆಲ್ಲದ ಅಂಟು. ಕೂತು ಎದ್ದರೆ ಲಂಗ ಸೀಟಿಗೆ ಅಂಟಿಕೊಂಡು ಚರ್ರ್ ಅನ್ನುತ್ತಿತ್ತು.

1978. ಅಕ್ಕನಿಗೆ ಪಾಂಡವಪುರದ ಕಡೆಯಿಂದ ಸಂಬಂಧ ಬಂತು. ಗಂಡಿನವರು ಬಂದು ನೋಡಿ ಒಪ್ಪಿದ್ದರು. ಇನ್ನು ನಾವು ಗಂಡಿನ ಮನೆ ನೋಡೋಕೆ ಹೋಗಬೇಕು, ಹೋದವರೇ ದಿನದ ಮಾತೂ ಆಡಿಕೊಂಡು ಬರಬೇಕು. ತೊಡಕು ಇದ್ದದ್ದು ಅಲ್ಲೇ. ಅಕ್ಕನ ಟಿಸಿಎಚ್, ಅಂದರೆ ಮೇಷ್ಟರ ತರಬೇತಿ, ಮುಗಿಯೋಕೆ ಇನ್ನೂ ಕೆಲವು ತಿಂಗಳು ಇತ್ತು. ಅವರು ವೈಶಾಖದಲ್ಲೇ ಮದುವೆ ಆಗಬೇಕು ಅಂತಿದ್ದರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ತಾತನಿಗೆ ಮಂಡಿ ನೋವು. ಹಾಗಾದರೆ ಯಾರನ್ನು ಕಳಿಸೋದು?

ಅವ್ವನ ಮನಸ್ಸಿನಲ್ಲಿ ಇದ್ದದ್ದು ಸೋದರಮಾವ. ಮಾವ ಮೈಸೂರಿನಲ್ಲಿ ಓದಿದವನು, ಮಾತು ತೂಕ. ಆ ಊರಿನ ನಾಲ್ಕು ಮನೆಯ ಬಳ್ಳಿ ಅವನಿಗೆ ಬಾಯಿಪಾಠ. ತಾತ ಆರಿಸಿದ್ದು ಕಾರ್ ಸಾಹುಕಾರ್ರನ್ನ. ನೆಂಟರೂ ಅಲ್ಲ. ಆದರೆ ಹಿಂದಿನ ವರ್ಷ ಕಬ್ಬು ಒಣಗಿದಾಗ ಎರಡು ಸಾವಿರ ಕೈಸಾಲ ಕೊಟ್ಟಿದ್ದರು, ಬಡ್ಡಿ ಕೇಳಿರಲಿಲ್ಲ. ಜೊತೆಗೆ ಕಾರಿತ್ತು.

ಅವ್ವ ಒಲೆ ಮುಂದೆ ಗೊಣಗಿದ್ದು ಈಗಲೂ ಕಿವಿಯಲ್ಲಿದೆ: “ದುಡ್ಡು ಕೊಟ್ಟೋರ್ನ ಕಳುಸ್ತರಾ ಹೆಣ್ಣಿನ್ ಮಾತಾಡಕೆ?”

ಕಳಿಸುತ್ತಾರೆ, ಅವ್ವಾ. ದೊಡ್ಡ ದೊಡ್ಡ ದೇಶದವರೇ ಕಳಿಸುತ್ತಾರೆ. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರು ರಾಯಭಾರಿಗಳನ್ನು ಹೆಸರಿಸಬೇಕು, ಸೆನೆಟ್ ಒಪ್ಪಬೇಕು ಅಂತಿದೆ. ಕೆಲಸ ಕಲಿತ ವಿದೇಶಾಂಗ ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ. ಆದರೂ ಹಲವು ದಶಕಗಳಿಂದ ನೂರಕ್ಕೆ ಹೆಚ್ಚುಕಮ್ಮಿ ಮೂವತ್ತು ಹುದ್ದೆ ಅಧ್ಯಕ್ಷರ ಗೆಳೆಯರಿಗೆ, ಪಕ್ಷದವರಿಗೆ, ಚುನಾವಣೆಗೆ ದೇಣಿಗೆ ಎತ್ತಿ ಕೊಟ್ಟವರಿಗೆ ಹೋಗುತ್ತದೆ. ಟ್ರಂಪ್ ಕಾಲದಲ್ಲಿ ಇನ್ನೂ ಜಾಸ್ತಿ. ಲಂಡನ್, ಪ್ಯಾರಿಸ್, ರೋಮ್ ಇಂಥವರ ಪಾಲು. ಸೆಕೆ, ಸೊಳ್ಳೆ, ಗುಂಡಿನ ಸದ್ದು ಇರೋ ಊರುಗಳು ಕೆಲಸ ಕಲಿತವರ ಪಾಲು. ದೇಣಿಗೆ ನೋಡಿ ಹುದ್ದೆ ಕೊಡಬಾರದು ಅಂತ 1980ರ ಕಾನೂನಿನಲ್ಲೇ ಬರೆದಿದ್ದಾರೆ. ಬರೆಯಬೇಕಾಗಿ ಬಂತಲ್ಲ, ಅದೇ ಸಾಕ್ಷಿ. ಅದಕ್ಕೂ ಮುಂಚೆ, 1971ರಲ್ಲಿ, ರಾಯಭಾರಿ ಆಗಬೇಕು ಅನ್ನೋರು ಕೊನೇಪಕ್ಷ ಎರಡೂವರೆ ಲಕ್ಷ ಡಾಲರ್ ಕೊಡಬೇಕು ಅಂತ ನಿಕ್ಸನ್ ತಮ್ಮ ಕೋಣೆಯಲ್ಲಿ ಹೇಳಿದ್ದು ಅವರದೇ ಟೇಪಿನಲ್ಲಿ ಸಿಕ್ಕಿಬಿದ್ದಿತ್ತು. ಎರಡು ಸಾವಿರಕ್ಕೆ ಕೆಲಸ ಮುಗಿಸಿದ ನಮ್ಮ ತಾತ ಎಷ್ಟೋ ವಾಸಿ.

ಸರಿ, ಹೊರಟರು. ಸಾಹುಕಾರ್ರು, ಮಾವ, ಚಿಕ್ಕಪ್ಪ. ಮೂರು ಜನ ಹೋಗಬಾರದು ಅಂತ ಒಂಬತ್ತನೇ ಕ್ಲಾಸಿನ ನನ್ನನ್ನೂ ತುಂಬಿಕೊಂಡರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರಸಬಾಳೆ, ಒಂದು ಅಚ್ಚು ಬೆಲ್ಲ. ಸಾಹುಕಾರ್ರು ಅದನ್ನು ಡ್ರೈವರ್ ಕೈಗೆ ಕೊಡಲಿಲ್ಲ, ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಹೋಗುವ ಮುಂಚೆ ಒಂದು ವಾರ ಮಾವ ಸುಮ್ಮನೆ ಇರಲಿಲ್ಲ. ಸಂತೆಯಲ್ಲಿ ಆ ಕಡೆಯವರು ಸಿಕ್ಕಾಗ “ಇಂಥವರು ಬಂದ್ರೆ ಪರ್ವಾಗಿಲ್ವಾ” ಅಂತ ಕಿವಿಮೇಲೆ ಹಾಕಿ, ಬರಲಿ ಅಂತ ಹೇಳಿಸಿಕೊಂಡು ಬಂದಿದ್ದ. ದೇಶಗಳ ನಡುವೆಯೂ ಇದೇ ಶಾಸ್ತ್ರ. 1961ರ ವಿಯೆನ್ನಾ ಒಪ್ಪಂದದ ನಾಲ್ಕನೇ ವಿಧಿ ಪ್ರಕಾರ, ರಾಯಭಾರಿಯನ್ನು ಕಳಿಸೋ ದೇಶ ಮೊದಲು ಆ ಕಡೆಯವರ ಒಪ್ಪಿಗೆ ಪಡೆಯಬೇಕು. ಬೇಡ ಅನ್ನೋ ದೇಶ ಕಾರಣ ಹೇಳಬೇಕಾಗಿಲ್ಲ. ಈ ಪಾಠ ಮಾಡುವಾಗ ನನಗೆ ತಟ್ಟನೆ ನೆನಪಾಗುತ್ತಿದ್ದದ್ದು ನಮ್ಮ ಕಡೆಯ “ಸಾಲಾವಳಿ ಬರಲಿಲ್ಲ” ಅನ್ನೋ ಮಾತು. ಹುಡುಗ ಕುಡಿಯುತ್ತಾನೆ ಅಂತಲೋ ಜಮೀನು ಕಮ್ಮಿ ಅಂತಲೋ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಸಾಲಾವಳಿ ಬರಲಿಲ್ಲ ಅಂದುಬಿಟ್ಟರೆ ಎರಡೂ ಮನೆಯ ಮಾನ ಉಳಿಯಿತು. ಕೆಲವರು ಅಷ್ಟೂ ಹೇಳೋದಿಲ್ಲ, ಸುಮ್ಮನಾಗಿಬಿಡುತ್ತಾರೆ. 2015ರಲ್ಲಿ ಇಸ್ರೇಲ್, ವೆಸ್ಟ್ ಬ್ಯಾಂಕಿನಲ್ಲಿ ನೆಲೆಸಿದ ತನ್ನ ವಸಾಹತುಗಾರರ ಮುಖಂಡರಾಗಿದ್ದ ಡ್ಯಾನಿ ದಯಾನ್ ಅವರನ್ನು ಬ್ರೆಜಿಲ್‌ಗೆ ಹೆಸರಿಸಿದಾಗ ಬ್ರೆಜಿಲ್ ತಿಂಗಳುಗಟ್ಟಲೆ ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ಅವರನ್ನು ನ್ಯೂಯಾರ್ಕಿಗೆ ಕಾನ್ಸುಲ್ ಜನರಲ್ ಮಾಡಿ ಕಳಿಸಿದರು. ಅದೇ ವರ್ಷ ಫ್ರಾನ್ಸ್ ಹೆಸರಿಸಿದವರಿಗೂ ವ್ಯಾಟಿಕನ್ ಇದೇ ಮೌನದ ಮಂಗಳಾರತಿ ಮಾಡಿತು.

ನಮಗೆ ಮೌನ ಸಿಗಲಿಲ್ಲ, ಕಾಫಿ ಸಿಕ್ಕಿತು. ಜಗಲಿ ಮೇಲೆ ಜಮಖಾನ ಹಾಸಿದ್ದರು. ತಟ್ಟೆ ಇಳಿಸಿ, ಅವರು ಅದನ್ನು ಮುಟ್ಟಿ ಒಳಕ್ಕೆ ಕಳಿಸೋವರೆಗೂ ಯಾರೂ ಮದುವೆ ಮಾತು ಎತ್ತಲಿಲ್ಲ, ಮಳೆ ಬೆಳೆ ಅಷ್ಟೇ. (ಹೊಸ ರಾಯಭಾರಿ ರಾಷ್ಟ್ರಪತಿ ಭವನದಲ್ಲಿ ತನ್ನ ದೇಶದ ಮುಖ್ಯಸ್ಥರ ರುಜುವಾತು ಪತ್ರ ನಮ್ಮ ರಾಷ್ಟ್ರಪತಿ ಕೈಗೆ ಕೊಡೋದನ್ನು ಟೀವಿಯಲ್ಲಿ ತೋರಿಸಿದಾಗಲೆಲ್ಲ ನನಗೆ ಆ ತಟ್ಟೆಯೇ ಕಣ್ಮುಂದೆ ಬರೋದು.) ತಟ್ಟೆ ಒಳಗೆ ಹೋಯಿತು. ಸಾಹುಕಾರ್ರು ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳೋ ಹಾಗೆ, ಬೀಗರ ಹೆಸರು ಹಿಡಿದು ಕರೆದು, “ಮದ್ವೇಲಿ ತಾವೇ ಮುಂದ್ ನಿಂತು ಎಲ್ಲಾನೂ ನಡ್ಸಿಕೊಡ್ಬೇಕು ಗೌಡ್ರೆ” ಅಂದರು.

ಹೆಸರು ತಪ್ಪಾಗಿತ್ತು. ಬರೀ ತಪ್ಪಲ್ಲ, ಅದು ಪಕ್ಕದ ಮನೆ ದಾಯಾದಿಯ ಹೆಸರು. ಒಂದೇ ಗೋಡೆ ಹಂಚಿಕೊಂಡ ಮನೆ. ಬದುವಿನ ಜಗಳದಲ್ಲಿ ಏಳು ವರ್ಷದಿಂದ ಎರಡು ಮನೆಗೂ ಮಾತಿಲ್ಲ, ಕೇಸು ಕೋರ್ಟಿನಲ್ಲಿತ್ತು. ಪಾಪ, ಸಾಹುಕಾರ್ರಿಗೆ ಆ ಊರಲ್ಲಿ ಗೊತ್ತಿದ್ದದ್ದು ಬೆಲ್ಲದ ವ್ಯಾಪಾರದಲ್ಲಿ ಸಿಕ್ಕಿದ್ದ ಆ ಒಬ್ಬರೇ, ನಾಲಿಗೆಗೆ ಆ ಹೆಸರೇ ಬಂದಿತ್ತು. ಜಗಲಿ ತಣ್ಣಗಾಯಿತು. ಲೋಟ ಹಿಡಿದಿದ್ದ ಚಿಕ್ಕಪ್ಪನ ಕೈ ಅಲ್ಲೇ ನಿಂತಿತು. ಮಾವ ಮಾತ್ರ ತಲೆ ಎತ್ತದೆ, ಅಡಿಕೆ ಹೋಳು ಆರಿಸುತ್ತಾ, ತುಟಿಯಲ್ಲೇ ಸರಿಯಾದ ಹೆಸರನ್ನು ಎರಡು ಸಲ ಉಸುರಿದ.

ಈ ಪಜೀತಿ ನಮಗೊಬ್ಬರಿಗೇ ಆಗಿದ್ದಲ್ಲ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1957ರಲ್ಲಿ ಐಸೆನ್‌ಹೋವರ್ ಸಿಲೋನಿಗೆ ಮ್ಯಾಕ್ಸ್‌ವೆಲ್ ಗ್ಲಕ್ ಅನ್ನೋರನ್ನು ಆರಿಸಿದ್ದರು. ಬಟ್ಟೆ ಅಂಗಡಿಗಳ ದೊಡ್ಡ ಮಾಲೀಕರು, ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದವರು. ಸಿಲೋನಿನ ಪ್ರಧಾನಿ ಯಾರು ಅಂತ ಸೆನೆಟರ್ ಫುಲ್‌ಬ್ರೈಟ್ ಕೇಳಿದರೆ ಹೆಸರು ಬಾಯಿಗೆ ಬರಲಿಲ್ಲ. ಬಂಡಾರನಾಯಿಕೆ ಅನ್ನೋದು ನಾಲಿಗೆ ಹೊರಳಿಸಲು ಕಷ್ಟದ ಹೆಸರೇ, ಇರಲಿ. ಆದರೂ ಸೆನೆಟ್ ಒಪ್ಪಿ ಕಳಿಸಿತು. ಒಬಾಮಾ ಕಾಲದಲ್ಲಿ ನಾರ್ವೆಗೆ ಹೆಸರಿಸಿದ್ದ ಹೋಟೆಲ್ ಉದ್ಯಮಿ ಜಾರ್ಜ್ ಸೂನಿಸ್ 2014ರ ವಿಚಾರಣೆಯಲ್ಲಿ ನಾರ್ವೆಯ “ಅಧ್ಯಕ್ಷ”ರ ಬಗ್ಗೆ ಮಾತಾಡಿದರು. ಅಲ್ಲಿರೋದು ದೊರೆ! ಆ ವರ್ಷ ಮುಗಿಯೋ ಹೊತ್ತಿಗೆ ತಾವಾಗೇ ಹಿಂದೆ ಸರಿದರು. ಆಮೇಲೆ ಬೈಡನ್ ಅವರನ್ನೇ ಗ್ರೀಸ್‌ಗೆ ಕಳಿಸಿದರು ಅನ್ನೋದು ಬೇರೆ ಮಾತು.

ಫುಲ್‌ಬ್ರೈಟ್ ಹೆಸರು ಬಂದ ಮೇಲೆ ನಮ್ಮ ತಾಲ್ಲೂಕಿನವರನ್ನು ಬಿಡೋಕಾಗಲ್ಲ. ಅದೇ ಸೆನೆಟರ್ ಹೆಸರಿನ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಓದಲು ಹೋದವರು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. 1960ರ ಚುನಾವಣೆಯಲ್ಲಿ ಕೆನಡಿ ಪರ ಪ್ರಚಾರವನ್ನೂ ಮಾಡಿ ಬಂದರು, 1962ರಲ್ಲಿ ಮದ್ದೂರಿನಿಂದ ಶಾಸಕರಾದರು. 2009ರಿಂದ 2012ರವರೆಗೆ ವಿದೇಶಾಂಗ ಮಂತ್ರಿ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ವಡೆ ತಿನ್ನುತ್ತಾ “ನಮ್ ಕೃಷ್ಣ” ಅಂತಿದ್ದವರು ಎಷ್ಟು ಜನ! 2011ರ ಫೆಬ್ರವರಿಯಲ್ಲಿ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮೇಜಿನ ಮೇಲಿದ್ದ ಪೋರ್ಚುಗಲ್ ಮಂತ್ರಿಯ ಭಾಷಣವನ್ನೇ ಎತ್ತಿಕೊಂಡು ಓದಲು ಶುರುಮಾಡಿದರು. ಸುಮಾರು ಮೂರು ನಿಮಿಷ ಆದಮೇಲೆ ಪಕ್ಕದಲ್ಲಿದ್ದ ನಮ್ಮ ಕಾಯಂ ಪ್ರತಿನಿಧಿ ಹರ್ದೀಪ್ ಸಿಂಗ್ ಪುರಿ ಎಚ್ಚರಿಸಿದರು. ಟೀವಿಯವರು ವಾರವಿಡೀ ನಕ್ಕರು. ನನಗೆ ಆ ದೃಶ್ಯದಲ್ಲಿ ಕಂಡದ್ದು ಪುರಿ ಬಗ್ಗಿದ ರೀತಿ. ಅಡಿಕೆ ಹೋಳು ಆರಿಸುತ್ತಿದ್ದ ನಮ್ಮ ಮಾವನೇ ಸೂಟು ಹಾಕಿಕೊಂಡು ಕೂತಂತಿತ್ತು. ಅಮೆರಿಕದ ದೊಡ್ಡ ದೊಡ್ಡ ರಾಯಭಾರ ಕಚೇರಿಗಳಲ್ಲೂ ದೇಣಿಗೆ ಕೊಟ್ಟು ಬಂದ ರಾಯಭಾರಿಯ ಕೆಳಗೆ ಇಂಥ ಒಬ್ಬ ಅನುಭವಸ್ಥ ಉಪಮುಖ್ಯಸ್ಥ ಇದ್ದೇ ಇರುತ್ತಾರೆ. ಕಡತ ನೋಡೋದು ಅವರೇ, ಹೆಸರು ಉಸುರೋದೂ ಅವರೇ.

ಜಗಲಿಗೆ ಬರೋಣ. ಬೀಗರು ದೊಡ್ಡ ಮನಸ್ಸಿನವರು, ನಕ್ಕು ಬಿಟ್ಟರು. ಮಾತು ದಿನಕ್ಕೆ ಬಂತು. ವೈಶಾಖವೇ ಆಗಬೇಕು ಅಂದರು. ಮಾವ ನಯವಾಗಿ, “ಓದು ಮುಗಿಯೋವರ್ಗೂ ಒಂದಷ್ಟು ತಡೆದ್ರೆ… ನಾನು ಊರಿಗೋಗಿ ಹಿರೀಕರ್ನ ಕೇಳಿ ಹೇಳ್ತೀನಿ” ಅಂತ ರಾಗ ಎಳೆದ. ಆ ಕೇಳಿ ಹೇಳೋದು ಅಂದರೆ ಇನ್ನೊಂದು ತಿಂಗಳು, ಇನ್ನೊಂದು ಪ್ರಯಾಣ, ಅಷ್ಟರಲ್ಲಿ ಯಾರೋ ಒಬ್ಬರ ಕಿವಿಗೆ ಇನ್ನೊಬ್ಬರು ಹುಳಿ ಹಿಂಡಿರುತ್ತಿದ್ದರು. ಸಾಹುಕಾರ್ರು ತೊಡೆ ತಟ್ಟಿದರು.

“ಕೇಳದೇನೂ ಇಲ್ಲ. ಮಗಿಗೆ ಪರೀಕ್ಷೆ ಆಗ್ಲಿ. ಮದ್ವೆ ನಿಮ್ಮೂರಲ್ಲೇ, ನಿಮ್ ಮನೆ ಮುಂದೇನೇ ಚಪ್ರ. ನಮ್ ಜನ ಬಂದೋಗೋ ಲಾರಿ ಖರ್ಚು ನಮ್ದು. ಆಯ್ತಾ?”

ಚಿಕ್ಕಪ್ಪ ಬೆಚ್ಚಿಬಿದ್ದ. ತಾತ ಇದ್ಯಾವುದನ್ನೂ ಹೇಳಿಕಳಿಸಿರಲಿಲ್ಲ. ಬೀಗರು ಒಂದು ಗಳಿಗೆ ಯೋಚಿಸಿ ಆಯ್ತು ಅಂದರು. ರಾತ್ರಿ ಊರಿಗೆ ಬಂದಾಗ ತಾತ ಎಲ್ಲ ಕೇಳಿಸಿಕೊಂಡು, ಬೀಡಿ ಕಚ್ಚಿಕೊಂಡೇ, “ನೀನು ಮಾತು ಕೊಟ್ಟ ಮ್ಯಾಲೆ ಮುಗೀತು ಬುಡು” ಅಂದದ್ದು ಅಷ್ಟೇ. ಅಕ್ಕ ಪರೀಕ್ಷೆ ಬರೆದಳು, ಮದುವೆ ಆಮೇಲೆ ಆಯಿತು. ಅದೇ ಪಾಂಡವಪುರ ತಾಲ್ಲೂಕಿನಲ್ಲಿ ಮೇಷ್ಟರಾಗಿ ನಿವೃತ್ತಿಯೂ ಆದಳು.

ದೇಣಿಗೆಯ ರಾಯಭಾರಿಗಳನ್ನು ಆಡಿಕೊಳ್ಳೋಕೆ ಹೊರಟಾಗಲೆಲ್ಲ ಈ “ಕೇಳದೇನೂ ಇಲ್ಲ” ನನ್ನ ಬಾಯಿ ಕಟ್ಟುತ್ತದೆ. ಕಳಿಸಿದವನ ಮನೆ ಬಾಗಿಲು ಯಾವ ಹೊತ್ತಿನಲ್ಲಿ ಬೇಕಾದರೂ ತಟ್ಟಬಲ್ಲವನು ಬಂದರೆ, ಎದುರಿಗೆ ಕೂತವರಿಗೂ ಅದು ಬೇಕಾಗಿರುತ್ತದೆ. ಕೆನಡಿ 1961ರಲ್ಲಿ ದಿಲ್ಲಿಗೆ ಕಳಿಸಿದ ಜಾನ್ ಕೆನೆತ್ ಗಾಲ್ಬ್ರೈತ್ ಹಾರ್ವರ್ಡಿನ ಅರ್ಥಶಾಸ್ತ್ರದ ಮೇಷ್ಟರು, ಆರೂವರೆ ಅಡಿಗೂ ಎತ್ತರದ ಆಸಾಮಿ. ವಿದೇಶಾಂಗ ಇಲಾಖೆಯನ್ನು ಪಕ್ಕಕ್ಕಿಟ್ಟು ನೇರ ಅಧ್ಯಕ್ಷರಿಗೇ ಕಾಗದ ಬರೆಯುತ್ತಿದ್ದರು. 1962ರ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಶುರುವಾದಾಗ ಕೆನಡಿ ತಲೆ ತುಂಬ ಕ್ಯೂಬಾದ ಕ್ಷಿಪಣಿ. ಆ ದಿನಗಳಲ್ಲಿ ದಿಲ್ಲಿಯಲ್ಲಿ ಮೇಲಿನವರನ್ನು ಕಾಯದೆ ತೀರ್ಮಾನ ತಗೊಳ್ಳೋ ಧೈರ್ಯ ಅವರಿಗಿತ್ತು. ಇನ್ನೊಬ್ಬ ಹಾರ್ವರ್ಡ್ ಮೇಷ್ಟರು ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ನಿಕ್ಸನ್ ಕಳಿಸಿದವರು. ಪಿಎಲ್ 480 ಅನ್ನೋ ಅಮೆರಿಕದ ಆಹಾರ ನೆರವಿನ ಕಾನೂನಿನಡಿ ಬಂದ ಗೋಧಿಗೆ ನಾವು ರೂಪಾಯಿಯಲ್ಲೇ ಕೊಟ್ಟ ದುಡ್ಡು ಅಮೆರಿಕದ ಲೆಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. 1974ರಲ್ಲಿ ಆ ಲೆಕ್ಕ ಚುಕ್ತಾ ಮಾಡಿ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕು ಬರೆದು ನಮ್ಮ ಸರ್ಕಾರಕ್ಕೆ ಕೊಟ್ಟರು. ನಾವು ಸ್ಕೂಲಿನಲ್ಲಿ ಸಾಲಾಗಿ ಕೂತು ತಿಂದ ಹಳದಿ ಉಪ್ಪಿಟ್ಟು ಆ ಲೆಕ್ಕದ್ದಲ್ಲ, ಅದು ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ದಾನದ್ದು. ಅದರ ಎಣ್ಣೆ ವಾಸನೆ ಮಾತ್ರ ಇವತ್ತಿಗೂ ಮೂಗಿನಲ್ಲಿದೆ.

ಗೋರ್ ವಿಷಯದಲ್ಲೂ ದಿಲ್ಲಿಯವರು ಹಾಕಿದ್ದು ಇದೇ ಲೆಕ್ಕ ಅಂತ ನನ್ನ ಅನಿಸಿಕೆ. ಆಗಸ್ಟ್ ಕೊನೆಯಲ್ಲಿ ನಮ್ಮ ಸರಕಿನ ಮೇಲೆ ಶೇ. 50 ಸುಂಕ ಬಿದ್ದಿತ್ತು. ಭಾರತ ಗೊತ್ತಿದ್ದು ಶ್ವೇತಭವನದ ಬಾಗಿಲಲ್ಲಿ ಕಾಯಬೇಕಾದವರಿಗಿಂತ, ಭಾರತ ಗೊತ್ತಿಲ್ಲದಿದ್ದರೂ ಒಳಗೇ ಇದ್ದವರು ಸಿಕ್ಕಲಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಯಾರೂ ಇಲ್ಲದೇ ಇರೋದಂತೂ ಎಲ್ಲಕ್ಕಿಂತ ಕಡೆ. ಬೈಡನ್ 2021ರ ಜುಲೈನಲ್ಲಿ ಲಾಸ್ ಏಂಜಲೀಸ್ ಮೇಯರ್ ಎರಿಕ್ ಗಾರ್ಸೆಟ್ಟಿ ಹೆಸರು ಹೇಳಿದರೆ, ಸೆನೆಟ್ 52–42 ಮತದಿಂದ ಒಪ್ಪಿದ್ದು 2023ರ ಮಾರ್ಚ್‌ನಲ್ಲಿ. ಎರಡು ವರ್ಷಕ್ಕೂ ಮೇಲೆ ದಿಲ್ಲಿಯ ಆ ಕುರ್ಚಿ ಖಾಲಿ. ಅಷ್ಟು ಹೊತ್ತಿಗೆ ನಮ್ಮೂರಲ್ಲಾದರೆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಬಾಣಂತನವೂ ಮುಗಿದಿರುತ್ತಿತ್ತು.

ನಮ್ಮಲ್ಲಿ ಇಷ್ಟು ರಂಪ ಇಲ್ಲ. ಪತ್ರ ರಾಷ್ಟ್ರಪತಿ ಹೆಸರಿನಲ್ಲಿ, ಆಯ್ಕೆ ಸರ್ಕಾರದ್ದು, ಸಂಸತ್ತಿನ ಮುಂದೆ ಕೂರಿಸಿ ಪ್ರಧಾನಿ ಹೆಸರು ಕೇಳೋ ಪದ್ಧತಿ ಇಲ್ಲ. ಹೆಚ್ಚಿನವರು ವಿದೇಶಾಂಗ ಸೇವೆಯವರೇ. ಹಾಗಂತ ನಾವು ಸಾಚಾ ಅಂತ ಬೀಗಬೇಕಾಗಿಯೂ ಇಲ್ಲ. 1947ರಲ್ಲಿ ಮಾಸ್ಕೋಗೆ ಮೊದಲ ರಾಯಭಾರಿಯಾಗಿ ಹೋದವರು ನೆಹರೂ ತಂಗಿ ವಿಜಯಲಕ್ಷ್ಮಿ ಪಂಡಿತ್. ಸ್ಟಾಲಿನ್ ಅವರಿಗೆ ಭೇಟಿಯನ್ನೇ ಕೊಡಲಿಲ್ಲ. 1949ರಲ್ಲಿ ಅವರ ಜಾಗಕ್ಕೆ ಹೋದವರಿಗೆ ಎರಡು ಸಲ ಕೊಟ್ಟರು. ಅವರನ್ನು ಮೈಸೂರಿನವರು ನಮ್ಮವರು ಅಂತಲೇ ಲೆಕ್ಕ ಹಾಕೋದು: ಸರ್ವೆಪಲ್ಲಿ ರಾಧಾಕೃಷ್ಣನ್.

1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟವರು. ಕಲ್ಕತ್ತಾಕ್ಕೆ ಹೊರಟ ದಿನ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದರು ಅನ್ನೋದು ಮೈಸೂರಿನಲ್ಲಿ ಓದಿದ ಪ್ರತಿಯೊಬ್ಬರಿಗೂ ಗೊತ್ತು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುವಾಗ ಮೇಷ್ಟರೊಬ್ಬರು ಪ್ರತಿ ಸೆಪ್ಟೆಂಬರ್ 5ಕ್ಕೆ ಈ ಕತೆ ಹೇಳಿ, ನಮ್ಮ ಮುಖ ನೋಡಿ, “ನನ್ನ ಲೂನಾನಾದ್ರೂ ತಳ್ಳಿಕೊಡ್ರಪ್ಪ, ಸ್ಟಾರ್ಟ್ ಆಗ್ತಿಲ್ಲ” ಅನ್ನುತ್ತಿದ್ದರು. ರಾಧಾಕೃಷ್ಣನ್‌ಗೆ ರಷ್ಯನ್ ಬರುತ್ತಿರಲಿಲ್ಲ. ರಾಯಭಾರಿ ಆಗಿದ್ದಾಗಲೂ ಆಕ್ಸ್‌ಫರ್ಡಿನ ಪಾಠ ಬಿಟ್ಟಿರಲಿಲ್ಲ, ವರ್ಷದಲ್ಲಿ ಒಂದಷ್ಟು ಕಾಲ ಅಲ್ಲೇ. ಆದರೂ 1952ರಲ್ಲಿ ಹೊರಡುವ ಮುಂಚೆ ಸ್ಟಾಲಿನ್ ಎದುರು ಕೂತು ಅಶೋಕನ ವಿಷಯ ಎತ್ತಿದರಂತೆ, ರಕ್ತದಲ್ಲಿ ಗೆದ್ದು ಆಮೇಲೆ ಕತ್ತಿ ಕೆಳಗಿಟ್ಟವನ ವಿಷಯ. ನಾನೂ ಐದು ವರ್ಷ ಪಾದ್ರಿಗಳ ಶಾಲೆಯಲ್ಲಿ ಇದ್ದವನೇ ಅಂತ ಸ್ಟಾಲಿನ್ ಅಂದರಂತೆ. ಆ ಮೇಷ್ಟರು 1962ರಲ್ಲಿ ರಾಷ್ಟ್ರಪತಿಯಾದರು. ಬೇರೆ ದೇಶದ ರಾಯಭಾರಿಗಳು ಬಂದು ಪತ್ರ ಕೊಡುತ್ತಿದ್ದದ್ದು ಅವರ ಕೈಗೆ.

ಇಷ್ಟೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಾ ಹೋದೆ. ಸೊಪ್ಪು ಬಾಡಿತು. ಅವಳು ಮಧ್ಯದಲ್ಲೇ ತಡೆದು, “ನಿಂದು ಪಾಠ ಇರ್ಲಿ, ಆ ಪಕ್ಕದ್ಮನೆಯವ್ರ ಕತೆ ನೆಪ್ಪೈತಾ?” ಅಂದಳು.

ಇಲ್ಲದೆ ಏನು. ಸಾಹುಕಾರ್ರು ಅವತ್ತು ಜಗಲಿ ಮೇಲೆ ಕೂಗಿದ ಹೆಸರು ಗೋಡೆಯಾಚೆ ನೇರ ತಲುಪಿತ್ತು. ಮದುವೆ ದಿನ ಚಪ್ಪರದೊಳಕ್ಕೆ ಆ ದಾಯಾದಿ ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ವಲ್ಲಿ ಹಾಕಿಕೊಂಡು ಹೆಂಡತಿ ಮಕ್ಕಳ ಸಮೇತ ಬಂದರು. ಬೀಗರು ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದರೆ, ಇವರು ಮೊದಲ ಪಂಕ್ತಿಯಲ್ಲೇ ಎಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು: “ಹೆಣ್ಣಿನ್ ಕಡೆಯೋರೇ ಹೆಸ್ರಿಡ್ದು ಕರ್ದವ್ರೆ, ಮುಂದ್ ನಿಂತು ನಡ್ಸಿಕೊಡು ಅಂದವ್ರೆ. ಬರ್ದಿರಕಾಯ್ತದಾ?”

ಮಾರನೇ ದಿನ ಬೀಗರೂಟಕ್ಕೂ ಬಂದರು. ಎರಡು ಸಲ ಮುದ್ದೆ ಹಾಕಿಸಿಕೊಂಡರು.